ದೊರಸಾನಿಯ ಸೀರೆ ಯಾವ ಊರದು

ನಮ್ಮ ಮನೆಯ ಜನ ಯಾವುದನ್ನಾದರೂ ಸುಮ್ಮನೆ ನೋಡಿ ಬರೋಣ ಎಂದು ಹೊರಟು, ಸುಮ್ಮನೆ ನೋಡಿ ಬಂದದ್ದು ಇವತ್ತಿನವರೆಗೂ ಇಲ್ಲ. ಡ್ಯಾಂ ನೋಡಲು ಹೋದರೆ ಅಲ್ಲಿನ ಗೇಟಿನವನ ಮಗಳಿಗೆ ಸಂಬಂಧ ಗೊತ್ತು ಮಾಡಿ ಬರುತ್ತಾರೆ. ಆಸ್ಪತ್ರೆಯಲ್ಲಿ ಯಾರನ್ನೋ ನೋಡಲು ಹೋದರೆ ಪಕ್ಕದ ಮಂಚದವರ ಮನೆಗೆ ಊಟಕ್ಕೆ ಹೋಗಿ ಬರುತ್ತಾರೆ. ಹೈದರಾಬಾದಿನ ಒಂದು ಹಳೆಯ ಮನೆಯನ್ನು ನೋಡಲು ಹೋದಾಗ ಏನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಮಕ್ತಲ್‌ನಲ್ಲಿ ಅಂಗನವಾಡಿ ಟೀಚರ್. ರಿಜಿಸ್ಟರು ಬಿಟ್ಟರೆ ಬೇರೆ ಏನನ್ನೂ ಬರೆದವಳಲ್ಲ. ಆದ್ದರಿಂದ ಬೇಕಾದದ್ದಕ್ಕಿಂತ ಹೆಚ್ಚು ವಿವರಿಸಿದರೆ ಕ್ಷಮಿಸಬೇಕು. ರಿಜಿಸ್ಟರಿನಲ್ಲಿ ಯಾವ ಕಾಲಮ್ಮನ್ನೂ ಖಾಲಿ ಬಿಡುವಂತಿಲ್ಲ, ಆ ಅಭ್ಯಾಸ.

೧. ಹೊರಟದ್ದು ಯಾಕೆ

ಇದನ್ನು ಹೇಳದೆ ಮುಂದೆ ಹೋದರೆ ಏನೂ ಅರ್ಥವಾಗುವುದಿಲ್ಲ. ನನ್ನ ಮಾವ ನಾರಾಯಣಪೇಟೆಯ ನೇಕಾರರು. ಅತ್ತೆಯ ತವರು ಗದ್ವಾಲ, ಅವರೂ ನೇಕಾರರ ಮನೆಯವರೇ. ಎರಡೂ ಊರಿನ ಸೀರೆಗೆ ಹೆಸರಿದೆ. ಹಾಗಾಗಿ ನಮ್ಮ ಮನೆಯಲ್ಲಿ ಅರ್ಧ ಶತಮಾನದಿಂದ ಒಂದೇ ಜಗಳ. ಮಾವನ ಪ್ರಕಾರ ಗದ್ವಾಲದವರಿಗೆ ಚೌಕಳಿ, ಅಂದರೆ ಸೀರೆಯ ಒಡಲಿನ ಚೌಕದ ಗೆರೆಗಳನ್ನು, ಹಾಕಲು ಬರುವುದಿಲ್ಲ. ಅತ್ತೆಯ ಪ್ರಕಾರ ನಾರಾಯಣಪೇಟೆಯವರಿಗೆ ಅಂಚು ಜೋಡಿಸಲು ಬರುವುದಿಲ್ಲ.

ನನ್ನ ಮಗಳ ಮದುವೆ ಗೊತ್ತಾಯಿತು. ಧಾರೆ ಎರೆಯುವಾಗ ಹುಡುಗಿ ಉಡುವ ಸೀರೆ ಯಾವ ಊರದಾಗಬೇಕು ಎಂದು ಜಗಳ ಮತ್ತೆ ಎದ್ದಿತು. ಮಾವ ಊಟ ಬಿಟ್ಟರು. ಅತ್ತೆ ಮಾತು ಬಿಟ್ಟರು, ಆದರೆ ಜಗಳದ ಮಟ್ಟಿಗೆ ಮಾತ್ರ ಮಾತಾಡುತ್ತಿದ್ದರು. ಆ ಹೊತ್ತಿಗೆ ಸೀರೆ ವ್ಯಾಪಾರಿಯೊಬ್ಬರು ಬಂದು ಒಂದು ಸುದ್ದಿ ಹೇಳಿದರು. ಹೈದರಾಬಾದಿನಲ್ಲಿ ಒಬ್ಬ ಜಾಗೀರದಾರರ ದೇವಡಿ, ಅಂದರೆ ದೊಡ್ಡ ಮನೆ, ಈಗ ಮ್ಯೂಸಿಯಂ ಆಗಿದೆಯಂತೆ. ಅಲ್ಲಿ ಆ ಮನೆಯ ದೊರಸಾನಿ ತಮ್ಮ ಮದುವೆಯಲ್ಲಿ ಉಟ್ಟ ಸೀರೆಯನ್ನು ಗಾಜಿನೊಳಗೆ ಇಟ್ಟಿದ್ದಾರಂತೆ. "ನಿಮ್ಮ ಕಡೇದೇ ಐತ್ರಿ," ಎಂದರು ವ್ಯಾಪಾರಿ. ಯಾರ ಕಡೆಯದು ಎಂದು ಹೇಳುವ ಮೊದಲೇ ಗಿರಾಕಿಯ ಫೋನ್ ಬಂತು, ಎದ್ದು ಹೋದರು.

ಮಾವ ತಮ್ಮದೇ ಎಂದರು. ಅತ್ತೆ ತಮ್ಮದೇ ಎಂದರು. ಬೇಸತ್ತ ನನ್ನ ಮಗಳು ತೀರ್ಪು ಕೊಟ್ಟಳು:

"ಆ ಸೀರಿ ಮುಂದ ಚೀಟಿ ಇಟ್ಟಿರ್ತಾರ. ಚೀಟಿ ಮ್ಯಾಲೆ ಯಾವ ಊರ ಹೆಸರು ಇರ್ತದೋ ಆ ಊರ ಸೀರಿ ನಾ ಉಡ್ತೀನಿ. ಹೋಗಿ ನೋಡಿ ಬರ್ರಿ."

ಇಬ್ಬರೂ ಒಪ್ಪಿದರು. ಆದರೆ ಒಬ್ಬರು ಓದಿದ್ದನ್ನು ಇನ್ನೊಬ್ಬರು ನಂಬುವುದಿಲ್ಲವಾದ್ದರಿಂದ ಚೀಟಿ ಓದಲು ನಾನೂ ಹೋಗಬೇಕಾಯಿತು.

೨. ಬರಿಗೈಯಲ್ಲಿ ಹೋಗಬಾರದು

ರಾಯಚೂರಿನಿಂದ ಹೈದರಾಬಾದಿಗೆ ಹೋಗುವ ಬಸ್ಸು ನಮ್ಮೂರ ಮೇಲೆಯೇ ಹಾದುಹೋಗುತ್ತದೆ. ಬೆಳಗಿನ ಬಸ್ಸು ಹಿಡಿದು ಹೋದೆವು. ಅತ್ತೆಯ ಕೈಯಲ್ಲಿ ಒಂದು ಗಂಟು ಇತ್ತು. ದಾರಿಯಲ್ಲಿ ತಿನ್ನಲು ಇರಬೇಕು ಎಂದುಕೊಂಡು ಮಹಬೂಬನಗರ ದಾಟಿದ ಮೇಲೆ ಕೈ ಹಾಕಲು ಹೋದೆ. ಕೈ ಮೇಲೆ ಏಟು ಬಿತ್ತು.

ದೇವಡಿಯ ಬಾಗಿಲಿನಲ್ಲಿ ಕಾವಲಿನ ಮುದುಕ ಕೂತಿದ್ದ. ಅತ್ತೆ ಚಪ್ಪಲಿ ಬಿಟ್ಟರು, ಸೆರಗು ಸರಿಮಾಡಿಕೊಂಡರು, ಗಂಟು ಮುಂದೆ ಹಿಡಿದು ಮನೆಯವರು ಎಲ್ಲಿ ಎಂದು ತೆಲುಗಿನಲ್ಲಿ ಕೇಳಿದರು. ಗಂಟಿನಲ್ಲಿ ಶೇಂಗಾ ಹೋಳಿಗೆ ಇತ್ತು. ನಮ್ಮ ಕಡೆ ಯಾರ ಮನೆಗೂ ಬರಿಗೈಯಲ್ಲಿ ಹೋಗುವುದಿಲ್ಲ. ಅತ್ತೆಗೆ ನಾವು ನೋಡಲು ಹೋಗುತ್ತಿರುವುದು 'ಮನೆ' ಎಂದು ಹೇಳಿದ್ದೆವೇ ಹೊರತು ಮ್ಯೂಸಿಯಂ ಎಂದರೆ ಏನು ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ.

ಕಾವಲುಗಾರ, ಮನೆಯವರೆಲ್ಲ ತೀರಿಕೊಂಡು ಎಷ್ಟೋ ವರ್ಷವಾಯಿತು ಎಂದ.

ಅತ್ತೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಎಲ್ಲರೂ ಹೋದರೇ ಎಂದು ಕೇಳಿದರು. ಎಲ್ಲರೂ ಎಂದ. ಅತ್ತೆಯ ಕಣ್ಣು ತುಂಬಿತು. ಸಾವಾದ ಮನೆಗೆ ಸಿಹಿ ಒಯ್ಯಬಾರದು. ಆದ್ದರಿಂದ ಇಡೀ ಗಂಟನ್ನು ಅವನ ಕೈಗೆ ಕೊಟ್ಟು, ಧೈರ್ಯ ತಂದುಕೊಳ್ಳಲು ಹೇಳಿದರು. ಹಿಂದೆ ಟಿಕೆಟಿಗೆ ನಿಂತವರು ಗದ್ದಲ ಮಾಡುತ್ತಿದ್ದರೂ ಅವನು ಗಂಟು ಬಿಚ್ಚಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ: ದಿನವೂ ಬಂದವರೆಲ್ಲ ಪಾಯಖಾನೆ ಎಲ್ಲಿ ಎಂದು ಕೇಳುತ್ತಾರೆ, ಮನೆಯವರನ್ನು ವಿಚಾರಿಸಿದ್ದು ಈ ಅಮ್ಮ ಒಬ್ಬರೇ.

೩. ಅಡುಗೆಮನೆಯ ವಿದ್ಯೆ

ಒಳಗೆ ಒಂದೊಂದು ಕೋಣೆಯನ್ನೂ ಹಳೆಯ ಹಾಗೆಯೇ ಇಟ್ಟಿದ್ದಾರೆ. ಎಲ್ಲವನ್ನೂ ತೋರಿಸಿ ವಿವರಿಸಲು ಒಬ್ಬ ಗೈಡಮ್ಮ ಇದ್ದರು. ಅವರು ಒಳ್ಳೆಯವರು. ಮುಂದೆ ನಡೆದದ್ದರಲ್ಲಿ ಅವರ ತಪ್ಪಿಲ್ಲ, ಅವರು ಪಟ್ಟಣದಲ್ಲಿ ಹುಟ್ಟಿದವರು.

ಅಡುಗೆಮನೆಯಲ್ಲಿ ಗೈಡಮ್ಮ ಒಂದು ಮರದ ಸಾಮಾನು ತೋರಿಸಿದರು. ನಾಲ್ಕು ಕಾಲು, ಮೇಲೆ ಉದ್ದನೆಯ ಇಳಿಜಾರು ಹಲಗೆ. ಮನೆಯ ಮಕ್ಕಳು ಕುದುರೆಯಾಟ ಆಡುತ್ತಿದ್ದ ಆಟಿಕೆ ಇದು ಎಂದರು. ಎಲ್ಲರೂ ಫೋಟೋ ತೆಗೆದರು. ಅತ್ತೆ ನನ್ನ ಕಿವಿಯಲ್ಲಿ ಹೇಳಿದರು, ಆದರೆ ಅವರು ಕಿವಿಯಲ್ಲಿ ಹೇಳಿದ್ದು ಅಂಗಳದವರೆಗೂ ಕೇಳುತ್ತದೆ:

"ಶಾವಿಗಿ ಮಣಿ ಐತಿದು. ಇದರ ಮ್ಯಾಲೆ ಹುಡುಗರು ಕುಂತ್ರ ಅವರವ್ವ ಕಾಲು ಮುರೀತಿದ್ಲು."

ಗೈಡಮ್ಮ ಹೌದೇ ಎಂದು ಕೇಳಿದರು. ಅತ್ತೆ ಒಂದು ಕಾಲು ಆ ಕಡೆ ಒಂದು ಕಾಲು ಈ ಕಡೆ ಹಾಕಿ ಕೂತು ಶಾವಿಗೆ ಹೊಸೆಯುವ ರೀತಿಯನ್ನು ಗಾಳಿಯಲ್ಲೇ ತೋರಿಸಿದರು. (ಮಣೆಯ ಮೇಲೆ ಕೂತದ್ದಲ್ಲ, ಪಕ್ಕದಲ್ಲಿದ್ದ ಬೆಂಚಿನ ಮೇಲೆ. ಇದನ್ನು ಸ್ಪಷ್ಟವಾಗಿ ಹೇಳುತ್ತಿದ್ದೇನೆ, ನಾವು ನಿಯಮ ಮುರಿದವರಲ್ಲ.) ಆಮೇಲೆ ಗೈಡಮ್ಮ ಮುಂದಿನ ಸಾಮಾನನ್ನು ತೋರಿಸಿ ಸುಮ್ಮನೆ ಅತ್ತೆಯ ಮುಖ ನೋಡಿದರು. ಅತ್ತೆ ಅದು ಮಜ್ಜಿಗೆ ಕಡೆಯುವ ಕಂಬ ಎಂದರು. ಗೈಡಮ್ಮ ಬರೆದುಕೊಂಡರು. ಇನ್ನೊಂದನ್ನು ತೋರಿಸಿದರು. ಅದು ಬೀಸುವ ಕಲ್ಲು, ಗೂಟ ತಪ್ಪಾಗಿ ಹಾಕಿದ್ದೀರಿ ಎಂದರು. ಗೈಡಮ್ಮ ಅದನ್ನೂ ಬರೆದುಕೊಂಡರು.

ನೋಡನೋಡುತ್ತಾ ಜನರೆಲ್ಲ ಅತ್ತೆಯ ಹಿಂದೆ ಬಂದರು. ಉತ್ತರದ ಕಡೆಯಿಂದ ಬಂದಿದ್ದ ದಂಪತಿ ಅತ್ತೆಯನ್ನು ಒಲೆಯ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದು, ಈ ಅಮ್ಮ ಎಷ್ಟು ಗಂಟೆಯವರೆಗೆ ಇಲ್ಲಿ ಇರುತ್ತಾರೆ, ಮಧ್ಯಾಹ್ನ ನಮ್ಮ ನೆಂಟರೂ ಬರುವವರಿದ್ದಾರೆ ಎಂದು ಗೈಡಮ್ಮನನ್ನು ವಿಚಾರಿಸಿದರು.

೪. ಮಾವನ ಕೈ

ಇದು ಚಿಕ್ಕದು, ಆದರೆ ಬಿಡಲು ಮನಸ್ಸಿಲ್ಲ. ನೇಕಾರರಿಗೆ ಬಟ್ಟೆಯನ್ನು ಕಣ್ಣಿನಿಂದ ನೋಡಿದರೆ ನೋಡಿದ ಹಾಗೆ ಆಗುವುದಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿದರೇ ತಿಳಿಯುವುದು. ಮಾವ ಪರದೆ ಉಜ್ಜಿದರು. ಒಳಗಿದ್ದ ಇನ್ನೊಬ್ಬ ಕಾವಲಿನವನು ಸೀಟಿ ಊದಿದ. ಮಂಚದ ಹಾಸು ಉಜ್ಜಿದರು. ಸೀಟಿ. ಊಟದ ಮೇಜಿನ ಬಟ್ಟೆ. ಸೀಟಿ. ಕಾವಲಿನವನು ಹತ್ತಿರ ಬಂದು ಗದರಿಸುತ್ತಿರುವಾಗ ಮಾವ ಅವನ ಅಂಗಿಯ ತೋಳನ್ನೇ ಉಜ್ಜಿ, ಎರಡು ಸಲ ಒಗೆದರೆ ಹರಿಯುತ್ತದೆ ಎಂದರು.

ಅಲ್ಲಿಂದ ಮುಂದೆ ಅತ್ತೆ ಮಾವನ ಎರಡೂ ಕೈಗಳನ್ನು ಬೆನ್ನ ಹಿಂದೆ ಹಿಡಿದುಕೊಂಡೇ ನಡೆಸಿದರು. ಎದುರಿಗೆ ಬಂದವರು ದಾರಿ ಬಿಟ್ಟು, ಏನು ಕದ್ದನಂತೆ ಎಂದು ನನ್ನನ್ನು ಕೇಳಿದರು.

೫. ನೆಲದ ಮೇಲಿನ ಪರೀಕ್ಷೆ

ಕೊನೆಗೆ ದೊರಸಾನಿಯವರ ಕೋಣೆ. ನಾಲ್ಕು ಕಾಲಿನ ಗಾಜಿನ ಪೆಟ್ಟಿಗೆ, ತಳವೂ ಗಾಜಿನದೇ. ಒಳಗೆ ಸೀರೆ. ಕುಂಕುಮದ ಬಣ್ಣ, ಹಸಿರು ಅಂಚು. ಚೀಟಿ ಓದಿದೆ. 'ದೊರಸಾನಿಯವರ ಮದುವೆಯ ಸೀರೆ. ಹತ್ತಿ ಮತ್ತು ರೇಷ್ಮೆ' ಎಂದಿತ್ತು. ಊರಿನ ಹೆಸರು ಇಲ್ಲ. ಚೀಟಿಯ ಹಿಂದೆ ಏನಾದರೂ ಬರೆದಿದೆಯೇ ಎಂದು ಗಾಜಿನ ಆ ಕಡೆಯಿಂದಲೂ ನೋಡಿದೆ. ಇಲ್ಲ.

ಇಲ್ಲಿ ಸ್ವಲ್ಪ ನೇಯ್ಗೆಯ ವಿಷಯ ಹೇಳಬೇಕು. ಗದ್ವಾಲದ ಸೀರೆಯಲ್ಲಿ ಒಡಲು ಹತ್ತಿಯದು, ಅಂಚು ರೇಷ್ಮೆಯದು. ಎರಡನ್ನೂ ನೇಯುವಾಗಲೇ ಎಳೆಗೆ ಎಳೆ ಸಿಕ್ಕಿಸಿ ಜೋಡಿಸುತ್ತಾರೆ. ಅದಕ್ಕೆ ಕುಟ್ಟು ಎನ್ನುತ್ತಾರೆ. ಒಳಮೈ, ಅಂದರೆ ಸೀರೆಯ ಹಿಂಬದಿ ನೋಡಿದರೆ ಅದು ಚೆನ್ನಾಗಿ ತಿಳಿಯುತ್ತದೆ. ಹಾಗಾಗಿ ಒಳಮೈ ಕಂಡರೆ ತೀರ್ಮಾನ ಆದ ಹಾಗೆ.

ಅತ್ತೆ ಮಾವನ ಕೈ ಬಿಟ್ಟು ಗಾಜಿಗೆ ಹಣೆ ಹಚ್ಚಿದ್ದರು. ಅಷ್ಟರಲ್ಲಿ ಮಾವ ಕೆಳಗೆ ಕೂತು, ಆಮೇಲೆ ಮಲಗಿ, ಬೆನ್ನಿನ ಮೇಲೆ ಜರುಗುತ್ತಾ ಪೆಟ್ಟಿಗೆಯ ಅಡಿಗೆ ಹೋದರು. ಹೊರಗೆ ಕಾಣುತ್ತಿದ್ದದ್ದು ಧೋತರ ಮತ್ತು ಎರಡು ಪಾದ ಮಾತ್ರ.

ಬಾಗಿಲಲ್ಲಿದ್ದ ಯಾರೋ, ಮುದುಕ ಬಿದ್ದಿದ್ದಾನೆ ಎಂದು ಕೂಗಿದರು. ಸೀಟಿಯವನು ಓಡಿ ಬಂದ. ಗೈಡಮ್ಮ ನೀರು ತಂದರು. ಒಬ್ಬರು ಪಾದ ಉಜ್ಜಿದರು, ಇನ್ನೊಬ್ಬರು ಈರುಳ್ಳಿ ಮೂಸಿಸಬೇಕು ಎಂದರು. ನಾನು ಏನೂ ಆಗಿಲ್ಲ, ಸೀರೆ ನೋಡುತ್ತಿದ್ದಾರೆ ಎಂದರೆ ಗಾಬರಿಯಲ್ಲಿ ಏನೇನೋ ಮಾತಾಡುತ್ತಿದ್ದಾಳೆ ಎಂದು ನನಗೂ ನೀರು ಕುಡಿಸಿದರು. ಒಳಗಿನಿಂದ ಮಾವ, ಎಳೆ ಎಣಿಸುತ್ತಿದ್ದೇನೆ, ಪಾದ ಉಜ್ಜಬೇಡಿ, ಲೆಕ್ಕ ತಪ್ಪುತ್ತದೆ ಎಂದರು. ಮಾವ ಒಬ್ಬರೇ ನೋಡಿಬಿಟ್ಟರೆ ತಮ್ಮ ಊರಿನದೇ ಎಂದು ಹೇಳಿಬಿಡುತ್ತಾರೆ ಎಂಬ ಭಯದಿಂದ ಅತ್ತೆಯೂ ಮಲಗಿ ಈ ಕಡೆಯಿಂದ ಅಡಿಗೆ ಜರುಗಿದರು. ಈಗ ನಾಲ್ಕು ಪಾದ.

ಬಹಳ ಹೊತ್ತಿನ ಮೇಲೆ ಏನು ಕಂಡಿತು ಎಂದು ನಾನು ಬಗ್ಗಿ ಕೇಳಿದೆ.

"ಏನೂ ಇಲ್ಲವ್ವ," ಎಂದರು ಮಾವ. "ಮಡಿಚಿ ಇಟ್ಟಾರ. ಕೆಳಗೂ ಮ್ಯಾಲಿನ ಮೈಯೇ ಐತಿ."

೬. ಪಕ್ಷ ಬದಲಾದದ್ದು

ಮ್ಯೂಸಿಯಂನ ಸಾಹೇಬರು ಬಂದರು. ಬೈಯುತ್ತಾರೆ ಎಂದುಕೊಂಡೆ. ನಾನು ಅಂಗನವಾಡಿಯ ಗುರುತಿನ ಚೀಟಿ ತೋರಿಸಿ, ಮದುವೆ, ಧಾರೆ, ಕುಟ್ಟು, ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಅವರು ನಿಂತಿದ್ದವರು ಕೂತು ಕೇಳಿದರು. ಆಮೇಲೆ, ಆ ಸೀರೆ ಯಾವ ಊರದು ಎಂದು ತಾವೂ ಬಹಳ ದಿನದಿಂದ ಹುಡುಕುತ್ತಿದ್ದೇವೆ, ಕಾಗದಪತ್ರದಲ್ಲಿ ಎಲ್ಲೂ ಸಿಕ್ಕಿಲ್ಲ ಎಂದರು. ಬೀಗದ ಕೈ ತರಿಸಿದರು.

ಅವರ ಕೋಣೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಸೀರೆಯನ್ನು ಇಟ್ಟರು. ಸಾಹೇಬರು ಕೈಗೆ ಗ್ಲೌಸ್ ಹಾಕಿಕೊಂಡು ಒಂದು ಮೂಲೆಯನ್ನು ಮೆಲ್ಲಗೆ ತಿರುವಿದರು. ಮಾವ ಮತ್ತು ಅತ್ತೆ ತಲೆಗೆ ತಲೆ ತಾಗುವಷ್ಟು ಬಗ್ಗಿದರು. ಮೊಮ್ಮಗಳು ಧಾರೆಗೆ ಯಾವ ಊರಿನ ಸೀರೆ ಉಡಬೇಕು ಎಂಬ ತೀರ್ಮಾನ ಆ ಮೂಲೆಯಲ್ಲಿತ್ತು.

ಮಾವನೇ ಮೊದಲು ಮಾತಾಡಿದರು. ಅವರ ದನಿ ಸಣ್ಣದಾಗಿತ್ತು.

"ಕುಟ್ಟು ಐತಿ. ನಮ್ಮವರ ಕೈಲಿ ಇಷ್ಟು ಸಣ್ಣ ಕುಟ್ಟು ಆಗಂಗಿಲ್ಲ. ನಿಮ್ಮೂರದು. ತಗೋ, ನೀ ಗೆದ್ದಿ."

ಅತ್ತೆ ಗೆದ್ದ ಸಂತೋಷದಲ್ಲಿ ಎದ್ದು ನಿಲ್ಲುತ್ತಾರೆ ಎಂದುಕೊಂಡೆ. ಅವರು ತಲೆ ಎತ್ತಲೇ ಇಲ್ಲ.

"ಒಡಲು ನೋಡ್ರಿ ಮೊದಲ," ಎಂದರು. "ಈ ಚೌಕಳಿ ನಮ್ಮವರದಲ್ಲ. ನಮ್ಮಪ್ಪ ಸಾಯೋತನ ಇಂಥಾದೊಂದು ಚೌಕಳಿ ಹಾಕಾಕ ಒದ್ದಾಡಿದ, ಬರಲಿಲ್ಲ. ಇದು ನಾರಾಯಣಪ್ಯಾಟಿ ಕೈ. ಸುಳ್ಳು ಯಾಕ ಹೇಳ್ಲಿ."

ಮಾವ ಗದ್ವಾಲ ಎಂದರು. ಅತ್ತೆ ನಾರಾಯಣಪೇಟೆ ಎಂದರು. ಮಾವ ಅಂಚು ತೋರಿಸಿದರು, ಅತ್ತೆ ಒಡಲು ತೋರಿಸಿದರು. ದನಿ ಏರಿತು. ಅತ್ತೆ, ಇಷ್ಟು ವರ್ಷ ನಿಮ್ಮ ಕೆಲಸವನ್ನು ನೀವೇ ಗುರುತಿಸಲಿಲ್ಲವೇ ಎಂದು ಬೈದರು. ಮಾವ, ನಿನ್ನ ತವರಿನ ಮರ್ಯಾದೆ ಉಳಿಸಲು ಹೋದರೂ ಬಿಡುವುದಿಲ್ಲವಲ್ಲ ಎಂದು ಬೈದರು. ಬೇರೆ ಬೇರೆ ಊರಿನ ಇಬ್ಬರು ಸೇರಿ ಒಂದು ಸೀರೆ ನೇಯ್ದಿರಬಹುದು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಹಾಗೆ ಒಂದಾಗಿ ಕೆಲಸ ಮಾಡುವುದನ್ನು ಅವರು ನಮ್ಮ ಮನೆಯಲ್ಲಿ ಎಂದೂ ನೋಡಿರಲಿಲ್ಲ.

ಸಾಹೇಬರು ಗೊಂದಲಗೊಂಡು, ಇವರಿಬ್ಬರಲ್ಲಿ ನಾರಾಯಣಪೇಟೆಯವರು ಯಾರು ಎಂದು ನನ್ನನ್ನು ಕೇಳಿದರು. ನಾನು ಹೇಳಿದೆ, ಸರ್, ಈ ಕೋಣೆಗೆ ಬರುವವರೆಗೂ ಮಾವ ಆಗಿದ್ದರು, ಈಗ ಅತ್ತೆ ಆಗಿದ್ದಾರೆ.

೭. ಚೀಟಿ

ಸಾಹೇಬರು ಹೊಸ ಚೀಟಿ ತೆಗೆದುಕೊಂಡು ಪೆನ್ಸಿಲ್ ಹಿಡಿದರು. ಒಂದು ಊರು ಹೇಳಿ, ಸದ್ಯಕ್ಕೆ ಅದನ್ನೇ ಬರೆದು ಆಮೇಲೆ ಎರಡೂ ಊರಿನ ಹಿರಿಯ ನೇಕಾರರನ್ನು ಕರೆಸಿ ಖಚಿತ ಮಾಡಿಕೊಳ್ಳುತ್ತೇವೆ ಎಂದರು. ಇಬ್ಬರೂ ಮತ್ತೆ ಶುರು ಮಾಡಿದರು. ನಮ್ಮ ಬಸ್ಸಿಗೆ ಹೊತ್ತಾಗುತ್ತಿತ್ತು. ನನಗೆ ಹಸಿವಾಗಿತ್ತು. ಒಬ್ಬರ ಊರು ಹೇಳಿದರೆ ಇನ್ನೊಬ್ಬರು ದಾರಿಯುದ್ದಕ್ಕೂ ನನ್ನನ್ನು ಬಿಡುವುದಿಲ್ಲ. ಆದ್ದರಿಂದ ಬಾಯಿಗೆ ಬಂದದ್ದನ್ನು ಹೇಳಿದೆ.

"ಮಕ್ತಲ್ ಅಂತ ಬರೀರಿ ಸರ್."

ಅವರು ಬರೆದೇಬಿಟ್ಟರು.

ನನಗೆ ತಿಳಿದ ಮಟ್ಟಿಗೆ ಅತ್ತೆ ಮಾವ ಒಂದೇ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿದ್ದು ಅದೇ ಮೊದಲು: "ಮಕ್ತಲ್‌ದಾಗ ಸೀರಿ ಎಲ್ಲಿ ನೇಯ್ತಾರವ್ವ?"

ಸಾಹೇಬರು ನಕ್ಕು, ಇಬ್ಬರೂ ಒಪ್ಪದ ಊರು ಇದೊಂದೇ, ಹಾಗಾಗಿ ಇದರ ಬಗ್ಗೆ ಜಗಳ ಬರುವುದಿಲ್ಲ ಎಂದು ಚೀಟಿಯನ್ನು ಸೀರೆಯ ಜೊತೆಗೆ ಒಳಗೆ ಇಟ್ಟು ಬೀಗ ಹಾಕಿದರು. ನಾನು ಮಗಳಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವಳಿಗೂ ನಗು ತಡೆಯಲಾಗಲಿಲ್ಲ. ಆದರೆ ಮಾತು ಮಾತೇ, ಚೀಟಿಯ ಮೇಲಿನ ಊರಿನ ಸೀರೆಯೇ ಆಗಬೇಕು, ಮಕ್ತಲ್‌ದೇ ತನ್ನಿ ಎಂದಳು.

ಮಕ್ತಲ್ ಅಂಗಡಿಗಳಿಗೆ ಸೀರೆ ಸೂರತ್‌ನಿಂದ ಬರುತ್ತದೆ. ಮಿಷನ್ನಿನ ಸೀರೆ. ಮೊಮ್ಮಗಳು ಧಾರೆಗೆ ಅದನ್ನು ಉಟ್ಟು ನಿಲ್ಲುವುದನ್ನು ನೆನೆದು ಮಾವ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತರು. ಶಾದನಗರ ದಾಟಿದ ಮೇಲೆ ಅತ್ತೆ ಅವರ ಕಿವಿಯಲ್ಲಿ ಏನೋ ಹೇಳಿದರು. ಈ ಸಲ ನಿಜವಾಗಿಯೂ ಕಿವಿಯಲ್ಲೇ ಹೇಳಿದರು, ಯಾಕೆಂದರೆ ನನಗೆ ಕೇಳಿಸಲಿಲ್ಲ. ಅಲ್ಲಿಂದ ಮಕ್ತಲ್‌ವರೆಗೂ ಇಬ್ಬರೂ ಗುಸುಗುಸು ಮಾತಾಡುತ್ತಲೇ ಇದ್ದರು. ಅವರು ಜಗಳವಾಡುವಾಗ ನನಗೆ ಎಂದೂ ಭಯವಾಗಿರಲಿಲ್ಲ. ಅವತ್ತು ಆಯಿತು.

೮. ಮಕ್ತಲ್ ಸೀರೆ

ನನ್ನ ಮನೆಯವರು ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಆ ವಾರ ಗಾಳಿಗೆ ಕಂಬಗಳು ಬಿದ್ದಿದ್ದರಿಂದ ನಾಲ್ಕು ದಿನ ಹಳ್ಳಿಗಳ ಕಡೆಯೇ ಇದ್ದರು. ನಮ್ಮ ಮನೆಯ ಹಾಲಿಗೆ ಹೋದ ದೀಪಾವಳಿಗೆ ಟೈಲ್ಸ್ ಹಾಕಿಸಿದ್ದೆವು. ಬಿಳಿ ಬಣ್ಣದ್ದು. ಮೇಲೆ ಯಾರಾದರೂ ಒದ್ದೆ ಕಾಲಿನಲ್ಲಿ ನಡೆದರೆ ನನ್ನ ಮನೆಯವರು ಊಟ ಬಿಟ್ಟು ಎದ್ದು ಒರೆಸುತ್ತಿದ್ದರು.

ಅವರು ಹೋದ ಮರುದಿನ ನಾರಾಯಣಪೇಟೆಯಿಂದ ಟೆಂಪೋದಲ್ಲಿ ಮಾವನ ಮಗ್ಗ ಬಂದಿಳಿಯಿತು. ಗದ್ವಾಲದಿಂದ ಅತ್ತೆಯ ತಮ್ಮ ಬಂದರು. ಚೀಟಿಯ ಪ್ರಕಾರ ಸೀರೆ ಮಕ್ತಲ್‌ದೇ ಆಗಬೇಕಲ್ಲ, ಅದಕ್ಕೆ ಮಕ್ತಲ್‌ನಲ್ಲೇ ನೇಯುತ್ತೇವೆ, ಒಡಲು ಮಾವನದು, ಅಂಚು ತಮ್ಮನದು ಎಂದರು ಅತ್ತೆ. ಎಷ್ಟು ಒಳ್ಳೆಯ ಮಾತು ಎಂದು ನನ್ನ ಕಣ್ಣಲ್ಲಿ ನೀರು ಬಂತು. ಚಹಾ ಮಾಡಲು ಒಳಗೆ ಹೋದೆ.

ಮಾವನದು ಕುಣಿ ಮಗ್ಗ. ಇದನ್ನು ವಿವರಿಸಲೇಬೇಕು. ಈ ಮಗ್ಗವನ್ನು ಸುಮ್ಮನೆ ನೆಲದ ಮೇಲೆ ಇಡಲು ಬರುವುದಿಲ್ಲ. ಕೆಳಗೆ ಕುಣಿ ತೋಡಬೇಕು. ನೇಯುವವರು ಕುಣಿಯ ಅಂಚಿಗೆ ಕೂತು ಕಾಲು ಒಳಗೆ ಇಳಿಬಿಟ್ಟು ತುಳಿಯುತ್ತಾರೆ. ಇಷ್ಟು ನನಗೆ ಮದುವೆಯಾದಾಗಿನಿಂದಲೂ ಗೊತ್ತಿತ್ತು. ಆದರೆ ಚಹಾ ಕುದಿಯುವಾಗ ಹಾಲಿನಿಂದ ಗುದ್ದಲಿಯ ಸದ್ದು ಕೇಳುವವರೆಗೂ ನೆನಪಾಗಲಿಲ್ಲ.

ಮಗ್ಗ ಬಂದ ಮೂರನೆಯ ದಿನ ನನ್ನ ಮನೆಯವರು ಬಂದರು. ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿಕೊಂಡು, ಬಾಗಿಲು ತೆರೆದರು. ಹಾಲಿನ ನಡುವೆ ಅವರ ಅಪ್ಪ ಮೊಳಕಾಲಿನವರೆಗೆ ನೆಲದೊಳಗೆ ಇಳಿದು ಕೂತಿದ್ದರು. ಪಕ್ಕದಲ್ಲಿ ಸೋದರಮಾವ. ಗೋಡೆಗೆ ಒರಗಿಸಿದ ಬಿಳಿ ಟೈಲ್ಸ್ ಚೂರುಗಳು. ಮಗ್ಗದ ಮೇಲೆ ಕುಂಕುಮದ ಬಣ್ಣದ ಚೌಕಳಿ ಒಂದು ಮೊಳ ಆಗಿತ್ತು, ಅದಕ್ಕೆ ಹಸಿರು ಅಂಚು ಎಳೆಗೆ ಎಳೆ ಹೊಂದಿಕೊಂಡಿತ್ತು. ಇಬ್ಬರೂ ಒಂದು ಸಲವೂ ಜಗಳವಾಡಿರಲಿಲ್ಲ. ಅತ್ತೆ ಪಕ್ಕದಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದರು.

ನನ್ನ ಮನೆಯವರು ಬಹಳ ಹೊತ್ತು ಸೀರೆ ನೋಡಿದರು, ಆಮೇಲೆ ಕುಣಿ ನೋಡಿದರು. ಸಿಟ್ಟು ಮಾಡಲಿಲ್ಲ. ಹೈದರಾಬಾದಿನಲ್ಲಿ ನೋಡಲು ಹೋಗಿದ್ದು ಒಂದು ಮನೆ ತಾನೇ ಎಂದು ಕೇಳಿದರು. ನಾನು ಹೌದು, ಒಂದೇ ಮನೆ ಎಂದೆ.

"ಮದುವಿ ಆದ ಮ್ಯಾಲೆ ಮೈಸೂರು ಅರಮನಿ ನೋಡಾಕ ಹೋಗೂಣು ಅಂದಿದ್ದಿಯಲ್ಲ, ಅದು ಬ್ಯಾಡ," ಎಂದರು. "ಒಂದು ಮನಿ ನೋಡಿ ಬಂದಿದ್ದಕ್ಕ ಹಾಲ್ ಹೋತು. ಅರಮನಿ ನೋಡಿ ಬಂದ್ರ ಓಣಿನೇ ಉಳಿಯಂಗಿಲ್ಲ."